ಮೊದಲ ವರ್ಷ ಗಿಡ ನೆಡಬೇಡಿ: ಮಂಗಳೂರಿನಲ್ಲಿ ಒಂದು ತುಂಡು ಕಾಡನ್ನು ಮರಳಿ ತರಲು ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ಜೂನ್ 5 ಬಂತೆಂದರೆ ಮಂಗಳೂರಿನಲ್ಲಿ ಗಿಡ ನೆಡಲು ಬೇಕಾದಷ್ಟು ಜನ ಸಿಗುತ್ತಾರೆ. ಬ್ಯಾನರ್, ಫೋಟೋ, ಕೊನೆಗೆ ಚಾ ತಿಂಡಿ, ಎಲ್ಲವೂ ಇರುತ್ತದೆ. ಅದೇ ಗಿಡವನ್ನು ಅಕ್ಟೋಬರಿನಲ್ಲಿ ಹೋಗಿ ನೋಡಿ. ಅದು ಎಲ್ಲಿ ಉಂಟು ಅಂತ ಹುಡುಕಲಿಕ್ಕೇ ಕತ್ತಿ ಬೇಕಾಗುತ್ತದೆ. ಸುತ್ತ ಆಳೆತ್ತರದ ಕಮ್ಯುನಿಸ್ಟ್ ಗಿಡ ಎಂಬ ಕಳೆ, ಅದರ ಮೇಲೆ ಹಬ್ಬಿದ ಬಳ್ಳಿ.

ನಾನೂ ಹಾಗೇ ಶುರು ಮಾಡಿದವನು. ನಗರದೊಳಗಿನ ಒಂದು ಹಳೆಯ ನಾಗಬನ, ಅದರ ಸುತ್ತ ಸುಮಾರು ಒಂದು ಎಕ್ರೆ ಇಳಿಜಾರು. ಮೊದಲ ಮಳೆಗಾಲದಲ್ಲಿ 120 ಗಿಡ ನೆಟ್ಟೆವು. ಮುಂದಿನ ಮಾರ್ಚಿನಲ್ಲಿ ಲೆಕ್ಕ ಹಾಕಿದಾಗ 9 ಉಳಿದಿದ್ದವು. ಆದರೆ ಅದೇ ಜಾಗದಲ್ಲಿ, ನಾವು ದಾರಿ ಮಾಡಲೆಂದು ಸುಮ್ನೆ ಕಳೆ ಕಿತ್ತಿದ್ದ ಒಂದು ಪಟ್ಟಿಯಲ್ಲಿ, ಯಾರೂ ನೆಡದ ನೇರಳೆ, ರೆಂಜೆ, ಕುಂಟಲದ ಸಸಿಗಳು ಮೊಣಕಾಲೆತ್ತರ ಬಂದಿದ್ದವು. ಹಕ್ಕಿ ಮತ್ತು ಬಾವಲಿಗಳು ಉಚಿತವಾಗಿ ಬಿತ್ತಿದ್ದು.

ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಕಟ್ಟಡದ ಬಿರುಕಿನಲ್ಲೂ ಅಶ್ವತ್ಥ ಹುಟ್ಟುತ್ತದೆ. ಗಿಡ ಹುಟ್ಟಿಸುವುದು ಇಲ್ಲಿ ಕಷ್ಟದ ಕೆಲಸವೇ ಅಲ್ಲ. ಹುಟ್ಟಿದ್ದರ ಕುತ್ತಿಗೆ ಹಿಚುಕುವ ಕಳೆಯನ್ನು ತೆಗೆಯುವುದು, ಮತ್ತೆ ಮತ್ತೆ ಹೋಗಿ ತೆಗೆಯುವುದು, ಅದು ಕಷ್ಟ. ಹಾಗಾಗಿ ಈ ಕೆಲಸಕ್ಕೆ ಸೇರುವವರು ಜೂನ್ ಬದಲು ಸೆಪ್ಟೆಂಬರಿನಲ್ಲಿ ಸೇರಿ. ಸೋಣ ತಿಂಗಳು ಮುಗಿಯುವ ಹೊತ್ತು, ಮಳೆ ಇಳಿದಿರುತ್ತದೆ, ಮಣ್ಣು ಮೆತ್ತಗಿರುತ್ತದೆ.

ಹೆಜ್ಜೆ 1: ಊರಿನ ಹೆಸರಿನಿಂದ ಜಾಗವನ್ನು ಓದಿ

"ಕಾಡು ಬೆಳೆಸುವ" ಎಂದು ಹೊರಟವರು ಎಲ್ಲ ಕಡೆ ಒಂದೇ ಥರದ ಮರ ನೆಡುತ್ತಾರೆ. ಕರಾವಳಿಯಲ್ಲಿ ಒಂದೇ ಥರದ ಕಾಡು ಇಲ್ಲ. ಇಲ್ಲಿನ ಹಿರಿಯರು ಊರಿಗೆ ಹೆಸರಿಡುವಾಗ ಅಲ್ಲಿನ ನೆಲ ಎಂಥದ್ದು ಅಂತ ಹೇಳಿಟ್ಟೇ ಹೋಗಿದ್ದಾರೆ. ಹೆಸರಿನಲ್ಲಿ ಬೈಲು ಇದ್ದರೆ ನೀರು ನಿಲ್ಲುವ ತಗ್ಗು ಗದ್ದೆ. ಮಜಲು ಇದ್ದರೆ ಅದಕ್ಕಿಂತ ಸ್ವಲ್ಪ ಮೇಲಿನದ್ದು. ಬೆಟ್ಟು ಅಂದರೆ ಮಳೆಯನ್ನೇ ನಂಬಿದ ಮೇಲಿನ ನೆಲ. ಕುದ್ರು ನದಿಯ ನಡುವಿನ ದ್ವೀಪ, ಬೆಂಗ್ರೆ ನದಿಗೂ ಕಡಲಿಗೂ ನಡುವಿನ ಮರಳು ಪಟ್ಟಿ. ಪದವು, ಅಡ್ಕ, ಪಾದೆ ಅಂದರೆ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲು. ಪದವಿನಂಗಡಿಯಲ್ಲಿ ಈಗ ಅಂಗಡಿ ಮಾತ್ರ ಕಾಣುತ್ತದೆ, ಪದವು ಹುಡುಕಬೇಕು.

ಈ ಪದವಿನ ವಿಷಯದಲ್ಲೇ ಜಾಸ್ತಿ ತಪ್ಪಾಗುವುದು. ಬೇಸಿಗೆಯಲ್ಲಿ ನೋಡಿದರೆ ಕಪ್ಪು ಕಲ್ಲು, ಒಣಹುಲ್ಲು, ಬೇರೆ ಏನೂ ಇಲ್ಲ. "ಪಾಳು ಬಿದ್ದಿದೆ, ನಾಲ್ಕು ಮರ ನೆಡುವ" ಅನಿಸುತ್ತದೆ. ಅದೇ ಜಾಗಕ್ಕೆ ಆಗಸ್ಟಿನಲ್ಲಿ ಹೋಗಿ ಮೊಣಕಾಲೂರಿ ಕೂತು ನೋಡಿ. ಕಲ್ಲಿನ ಗುಳಿಗಳಲ್ಲಿ ಎರಡು ಬೆರಳು ನೀರು. ಅದರ ಅಂಚಿನಲ್ಲಿ ಕೀಟ ಹಿಡಿದು ತಿನ್ನುವ ಡ್ರೊಸೆರಾ, ಯುಟ್ರಿಕ್ಯುಲೇರಿಯಾದಂಥ ಪುಟ್ಟ ಗಿಡಗಳು, ಉಗುರಿನಷ್ಟು ನೀಲಿ, ಬಿಳಿ ಹೂ, ಗೊದಮೊಟ್ಟೆಗಳು. ಮೂರು ತಿಂಗಳಲ್ಲಿ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸುವ ಲೋಕ ಅದು. ಅಲ್ಲಿ ಗುಂಡಿ ತೋಡಿ ಮರ ನೆಡುವುದು ಕಾಡು ಬೆಳೆಸುವುದಲ್ಲ, ಇದ್ದದ್ದನ್ನು ಕೆಡಿಸುವುದು. ಪದವಿನಲ್ಲಿ ನಿಮ್ಮ ಕೆಲಸ ಇಷ್ಟೇ: ಮಣ್ಣು ತಂದು ಸುರಿಯುವುದನ್ನು ತಡೆಯಿರಿ, ಬೈಕಿನವರನ್ನು ದೂರ ಇಡಿ, ಅಕೇಶಿಯಾ ಸಸಿ ಕೀಳಿ.

ನೀರು ನಿಲ್ಲುವ ಕೊಳಕು ತಗ್ಗು ಕೂಡ ಹೀಗೆಯೇ. 2018ರಲ್ಲಿ ಮಂಗಳೂರು ನಗರದೊಳಗಿನಿಂದಲೇ ಒಂದು ಹೊಸ ಕಪ್ಪೆ ಪ್ರಭೇದವನ್ನು ವಿಜ್ಞಾನಿಗಳು ಗುರುತಿಸಿದರು. ಹೆಸರು ಮೈಕ್ರೋಹೈಲಾ ಕೊಡಿಯಾಲ್. ಕೊಂಕಣಿಯವರಿಗೆ ಮಂಗಳೂರು ಅಂದರೆ ಕೊಡಿಯಾಲ್ ಅಲ್ವಾ, ಅದೇ ಹೆಸರು. ಸಿಕ್ಕಿದ್ದು ಘಟ್ಟದ ದಟ್ಟ ಕಾಡಿನಲ್ಲಿ ಅಲ್ಲ, ಕೈಗಾರಿಕಾ ಪ್ರದೇಶದ ಹತ್ತಿರದ ನೆಲದಲ್ಲಿ. ಅದರ ಹತ್ತಿರದ ಬಂಧುಗಳು ಇರುವುದು ಆಗ್ನೇಯ ಏಷ್ಯಾದ ಕಡೆ. ಎಲ್ಲಿಂದಲೇ ಬಂದಿರಲಿ, ಈಗ ಅದರ ಮನೆ ಇಲ್ಲೇ.

ನದಿ ಬಾಯಿ, ಕುದ್ರುಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಇದ್ದರೆ ನೀವಾಗಿ ಕೈ ಹಾಕಬೇಡಿ. ಅದು ಕರಾವಳಿ ನಿಯಂತ್ರಣ ವಲಯದ ಅತಿ ಕಟ್ಟುನಿಟ್ಟಿನ ಭಾಗ. ಕಾಂಡ್ಲಾ ನೆಡುವ ಕೆಲಸವನ್ನು ಅರಣ್ಯ ಇಲಾಖೆ ಮಾಡುತ್ತದೆ, ಅವರ ಜೊತೆ ಸೇರಿಕೊಳ್ಳಿ. ಮರಳ ದಿಬ್ಬದಲ್ಲಿ ರಾವಣನ ಮೀಸೆ, ಅಡುಂಬು ಬಳ್ಳಿ ಇದ್ದರೆ ಅವನ್ನು ಉಳಿಸುವುದೇ ಕೆಲಸ. ಮರಳನ್ನು ಹಿಡಿದಿಡುವುದು ಅವೇ.

ಹೆಜ್ಜೆ 2: ಯಾರ ಜಾಗ ಅಂತ ಕೇಳಿ

ದಿಶಾಂಕ್ ಆಪ್‌ನಲ್ಲಿ ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಾಕಿ ಪಹಣಿ ತೆಗೆಯಿರಿ. ಸರಕಾರದ್ದಾ, ಪಾಲಿಕೆಯದ್ದಾ, ದೇವಸ್ಥಾನದ್ದಾ, ಖಾಸಗಿಯಾ ಎಂಬುದು ಗೊತ್ತಾಗುತ್ತದೆ. ಪಕ್ಕದ ವರ್ಗ ಜಾಗದವರಿಗೆ (ಪಟ್ಟಾ ಜಮೀನಿನವರಿಗೆ) ಕುಮ್ಕಿ ಹಕ್ಕು, ಅಂದರೆ ಸೊಪ್ಪು ಸೌದೆಗೆ ಬಳಸುವ ಹಕ್ಕು, ಇರುವ ಸರಕಾರಿ ಜಾಗವೂ ಆಗಿರಬಹುದು. ಆಗ ಇಬ್ಬರನ್ನೂ ಕೇಳಬೇಕು. ಅನುಮತಿ ಬಾಯಿಮಾತಿನಲ್ಲಿ ಬೇಡ, ಒಂದು ಪುಟದ ಪತ್ರ ಇರಲಿ. ಎಷ್ಟು ವರ್ಷ, ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಅಷ್ಟು ಸಾಕು. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಾಲಿಕೆ, ಪಂಚಾಯತುಗಳಲ್ಲಿ ಅಂಥ ಸಮಿತಿ ಇರಬೇಕು. ನೀವು ಮಾಡುವ ಪಟ್ಟಿ ಅವರ ದಾಖಲೆಗೂ ಬೇಕಾದದ್ದೇ.

ನಾಗಬನವಾದರೆ ಪತ್ರಕ್ಕಿಂತ ಮೊದಲು ಮಾತು. ಕುಟುಂಬದ ಹಿರಿಯರನ್ನು ಅವರ ಮನೆಗೇ ಹೋಗಿ ಕಾಣಿ. ಬನದೊಳಗೆ ಯಾರು ಹೋಗಬಹುದು, ಯಾವ ದಿನ ಬೇಡ, ಕತ್ತಿ ತಾಗಿಸಬಹುದಾ ಇಲ್ಲವಾ ಎಂಬುದನ್ನು ಅವರೇ ಹೇಳಲಿ. ಹಲವು ಮನೆಗಳಲ್ಲಿ ಬನದ ಒಂದು ಕಡ್ಡಿಯನ್ನೂ ಮುರಿಯುವ ಕ್ರಮ ಇಲ್ಲ. ಇಷ್ಟು ವರ್ಷ ಆ ಮರಗಳು ಉಳಿದದ್ದು ಆ ಕ್ರಮದಿಂದಲೇ, ಅದನ್ನು ನಾವು ಮುರಿಯುವುದು ಬೇಡ.

ನಾವು ಮೊದಲ ಸಲ ಹೋದಾಗ ಆ ಮನೆಯ ಯಜಮಾನರು ಬನದ ಸುತ್ತ ಇಂಟರ್‌ಲಾಕ್ ಹಾಕಿಸುವ ಯೋಚನೆಯಲ್ಲಿದ್ದರು.

"ಎಂತ ಮಾಡುವುದು ಮಾರಾಯ್ರೆ, ತರಗೆಲೆ ಗುಡಿಸಿ ಗುಡಿಸಿ ಸಾಕಾಯ್ತು. ಇಂಟರ್‌ಲಾಕ್ ಆದ್ರೆ ಕ್ಲೀನ್ ಇರ್ತದೆ ಅಲ್ವಾ?"

ನಾನು ಮಣ್ಣು, ಬೇರು, ನೀರಿಂಗುವಿಕೆ ಅಂತ ಏನೋ ಭಾಷಣ ಶುರು ಮಾಡಿದೆ. ಅವರ ಮುಖ ನೋಡಿದರೆ ಒಂದು ಅಕ್ಷರವೂ ಒಳಗೆ ಹೋಗಿರಲಿಲ್ಲ. ಅಷ್ಟರಲ್ಲಿ ಚಾ ತಂದ ಅವರ ಹೆಂಡತಿ ಹೇಳಿದರು, "ಬಿಸಿಲಿಗೆ ಆ ಸಿಮೆಂಟಿನ ಮೇಲೆ ನಮಗೇ ಕಾಲಿಡ್ಲಿಕ್ಕೆ ಆಗುದಿಲ್ಲ. ನಾಗನಿಗೆ ತಂಪು ಬೇಡ್ವಾ?" ಇಂಟರ್‌ಲಾಕಿನ ಮಾತು ಅಲ್ಲಿಗೇ ನಿಂತಿತು. ಕಲ್ಲಿನ ಕಟ್ಟೆಯವರೆಗೆ ಒಂದು ಕಾಲುದಾರಿ ಮಾತ್ರ ಗುಡಿಸುವುದು, ಉಳಿದ ಕಡೆ ತರಗೆಲೆ ಬಿದ್ದಲ್ಲೇ ಇರುವುದು ಎಂದು ಮಾತಾಯಿತು.

ಹೆಜ್ಜೆ 3: ಜನ, ಹತ್ಯಾರು

ಒಂದು ದಿನಕ್ಕೆ ಬರುವ 60 ಜನರಿಗಿಂತ ತಿಂಗಳಿಗೆ ಎರಡು ಭಾನುವಾರ ತಪ್ಪದೆ ಬರುವ 6 ಜನ ಮೇಲು. ಕಾಲೇಜಿನ ಎನ್ನೆಸ್ಸೆಸ್ ಮಕ್ಕಳು ಬಂದರೆ ಸಂತೋಷ. ಆದರೆ ಅವರಿಗೆ ಕೀಳುವ ಕೆಲಸ ಕೊಡುವ ಮೊದಲು ಹತ್ತು ನಿಮಿಷ ಗಿಡ ಗುರುತಿಸಲು ಕಲಿಸಿ. ಇಲ್ಲದಿದ್ದರೆ ಬೇಕಾದದ್ದೇ ಮೊದಲು ಹೋಗುತ್ತದೆ.

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಕತ್ತಿ, ಹಾರೆ, ಪಿಕ್ಕಾಸು, ದಪ್ಪ ಕೈಗವಸು, ಗಂಬೂಟು, ಗೋಣಿಚೀಲ, ಗುರುತಿಗೆ ಕೆಂಪು ಬಟ್ಟೆಯ ತುಂಡುಗಳು, ಕುಡಿಯುವ ನೀರು. ತಲೆಗೆ ಮುಟ್ಟಾಳೆ (ಹಾಳೆಯ ಟೊಪ್ಪಿ) ಇದ್ದರೆ ಕೊಂಬೆಯ ಪೆಟ್ಟೂ ತಾಗುವುದಿಲ್ಲ, ಕೆಂಪಿರುವೆಯೂ ನೇರ ಕೂದಲಿಗೆ ಬೀಳುವುದಿಲ್ಲ.

ಹೆಜ್ಜೆ 4: ಕೀಳುವ ಮೊದಲು ಎಣಿಸಿ

ಜಾಗದಲ್ಲಿ ಹತ್ತು ಕಡೆ, ಒಂದು ಮೀಟರ್ ಉದ್ದಗಲದ ಚೌಕವನ್ನು ಹಗ್ಗದಲ್ಲಿ ಗುರುತು ಮಾಡಿ. ಪ್ರತಿ ಚೌಕದಲ್ಲಿ ಎಷ್ಟು ಮರದ ಸಸಿ, ಎಷ್ಟು ಕಳೆ ಅಂತ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಿ, ಯಾರಾದರೂ ಹೇಳುತ್ತಾರೆ. ಒಂದೇ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ಮೂರು ತಿಂಗಳಿಗೊಮ್ಮೆ ಒಂದು ಫೋಟೋ ತೆಗೆಯಿರಿ. ಹಕ್ಕಿಗಳಿಗೆ ಇಬರ್ಡ್ ಆಪ್‌ನಲ್ಲಿ 15 ನಿಮಿಷದ ಪಟ್ಟಿ ಸಾಕು.

ನಿಮ್ಮ ಚೌಕಗಳಲ್ಲಿ ಸಸಿ ಇದ್ದರೆ ಗಿಡ ನೆಡುವ ಖರ್ಚು ಉಳಿಯಿತು. ಒಂದೂ ಇಲ್ಲದಿದ್ದರೆ ಮಾತ್ರ ನರ್ಸರಿಯ ಯೋಚನೆ ಮಾಡಿ.

ಹೆಜ್ಜೆ 5: ಕೀಳುವುದು

ಇಡೀ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇರುವುದು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮೊದಲನೆಯದು ಕಮ್ಯುನಿಸ್ಟ್ ಗಿಡ. ಅಮೆರಿಕ ಖಂಡದಿಂದ ಬಂದದ್ದು, ಪುಸ್ತಕದ ಹೆಸರು ಕ್ರೋಮೊಲೇನಾ. ಎಲೆ ಎದುರುಬದುರು ಜೋಡಿಯಾಗಿರುತ್ತದೆ, ಬುಡದಿಂದ ಮೂರು ನರ ಹೊರಟಿರುತ್ತವೆ, ಹಿಸುಕಿದರೆ ಖಾರ ವಾಸನೆ. ಡಿಸೆಂಬರ್ ಜನವರಿಯಲ್ಲಿ ತಿಳಿ ನೇರಳೆ ಬಿಳುಪಿನ ಹೂ ಬಿಟ್ಟು, ಮುಂದೆ ಗಾಳಿಯಲ್ಲಿ ಬೀಜ ಹಾರಿಸುತ್ತದೆ. ಆದ್ದರಿಂದ ಹೂ ಬಿಡುವ ಮೊದಲೇ, ಸೆಪ್ಟೆಂಬರಿನಿಂದ ನವೆಂಬರ್ ಒಳಗೆ ಕೀಳಬೇಕು. ಬೀಜ ಹಾರಿದ ಮೇಲೆ ಕಿತ್ತರೆ ಕೈ ಕಾಲಿಗೆ ವ್ಯಾಯಾಮ ಅಷ್ಟೆ.

ಕತ್ತಿಯಿಂದ ಸವರಬೇಡಿ. ಸವರಿದರೆ ಬುಡದಿಂದ ನಾಲ್ಕು ಹೊಸ ಚಿಗುರು ಬರುತ್ತದೆ. ಎರಡೂ ಕೈಯಲ್ಲಿ ಬುಡ ಹಿಡಿದು, ಸ್ವಲ್ಪ ಅಲ್ಲಾಡಿಸಿ, ನಿಧಾನ ಮೇಲಕ್ಕೆ ಎಳೆಯಿರಿ. ಮಳೆ ನಿಂತ ಮರುವಾರ ಇದು ಬೆಣ್ಣೆಯಿಂದ ಕೂದಲು ತೆಗೆದಂತೆ ಬರುತ್ತದೆ. ಜನವರಿಯಲ್ಲಾದರೆ ಅದೇ ಗಿಡಕ್ಕೆ ಪಿಕ್ಕಾಸು ಬೇಕು. ಕಿತ್ತ ಗಿಡವನ್ನು ನೆಲಕ್ಕೆ ಎಸೆಯಬೇಡಿ, ಒಂದು ಮಳೆ ಬಂದರೆ ಪುನಃ ಬೇರು ಬಿಡುತ್ತದೆ. ಬೇರಿನ ಮಣ್ಣು ಕೊಡವಿ, ತಲೆಕೆಳಗೆ ಮಾಡಿ, ಹತ್ತಿರದ ಕೊಂಬೆಯ ಕವಲಿಗೆ ಸಿಕ್ಕಿಸಿ. ಎರಡು ವಾರದಲ್ಲಿ ಒಣಗುತ್ತದೆ. ಆಮೇಲೆ ಸಸಿಗಳ ಬುಡಕ್ಕೆ ಅದೇ ಹೊದಿಕೆ.

ಎರಡನೆಯದು ಮಿಕಾನಿಯಾ ಬಳ್ಳಿ. ಮರದ ನೆತ್ತಿಗೆ ಹತ್ತಿ ಬಿಸಿಲೇ ತಾಗದಂತೆ ಮುಚ್ಚುತ್ತದೆ. ಇದರ ಕಾಂಡ ಪಟಪಟ ಮುರಿಯುತ್ತದೆ, ಗಂಟು ಇರುವ ಪ್ರತಿ ತುಂಡೂ ಬೇರು ಬಿಡುತ್ತದೆ. ಮೇಲಿನದ್ದನ್ನು ಎಳೆದು ಮರ ಜಗ್ಗಬೇಡಿ. ಸೊಂಟದೆತ್ತರದಲ್ಲಿ ಕಡಿದು ಮೇಲಿನದ್ದು ಒಣಗಲು ಬಿಡಿ, ಕೆಳಗಿನದ್ದನ್ನು ಬೇರು ಸಮೇತ ತೆಗೆದು ಗೋಣಿಗೆ ತುಂಬಿ. ಡಾಮರು ಅಥವಾ ಕಲ್ಲಿನ ಮೇಲೆ ಹರಡಿ ಪೂರ್ತಿ ಒಣಗಿಸಿ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಎರಡನೇ ವರ್ಷ ನಾನು ಭಾರೀ ಉತ್ಸಾಹದಿಂದ ಮಿಕಾನಿಯಾ ಅಂತ ಒಂದು ಗೋಣಿ ಬಳ್ಳಿ ಕಿತ್ತೆ. ಸುರಿದು ನೋಡಿದರೆ ಅದರಲ್ಲಿ ಹರಿದಾಡುವ ಹುಳುಗಳು. ಕಪ್ಪುಗೆಂಪು ಮೈ, ನಡುವಿಗೆ ಒಂದು ಬಿಳಿ ಪಟ್ಟಿ, ಮೈತುಂಬ ಮೆತ್ತನೆ ಮುಳ್ಳು. ನಾನು ಕಿತ್ತದ್ದು ಈಶ್ವರಬಳ್ಳಿ. ಗುಲಾಬಿ (ರೋಸ್) ಎಂಬ ಹೆಸರಿನ ಚಿಟ್ಟೆಗಳೂ, ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕೂಡ ಮೊಟ್ಟೆ ಇಡುವುದು ಆ ಬಳ್ಳಿಯ ಜಾತಿಯಲ್ಲೇ. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಬಳ್ಳಿ ಕೀಳುವ ಮೊದಲು ಎಲೆ ನೋಡು. ಮಿಕಾನಿಯಾದ ಎಲೆ ಗಂಟಿಗೆ ಎರಡು, ಎದುರುಬದುರು. ಈಶ್ವರಬಳ್ಳಿಯದ್ದು ಗಂಟಿಗೆ ಒಂದೇ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸಂಶಯ ಇದ್ದರೆ ಕೆಂಪು ಬಟ್ಟೆ ಕಟ್ಟಿ ಮುಂದೆ ಹೋಗಿ.

ಮೂರನೆಯದು ಅಕೇಶಿಯಾ. ಆಸ್ಟ್ರೇಲಿಯಾ ಕಡೆಯದ್ದು. ಎಳೆಯ ಸಸಿಯಲ್ಲಿ ಮೊದಲ ಎಲೆಗಳು ನಾಚಿಕೆಮುಳ್ಳಿನ ಹಾಗೆ ಸಣ್ಣ ಸಣ್ಣ, ಆಮೇಲಿನವು ಕತ್ತಿಯ ಹಾಗೆ ಬಾಗಿ ಅಗಲ. ಒಂದೇ ಗಿಡದಲ್ಲಿ ಎರಡು ಥರ ಎಲೆ ಕಂಡರೆ ಅದೇ. ಮೊಣಕಾಲಿನವರೆಗಿನದ್ದನ್ನು ಮಳೆಗಾಲದಲ್ಲಿ ಕೈಯಲ್ಲೇ ಕೀಳಬಹುದು. ದೊಡ್ಡ ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಉಂಟು, ವೃಕ್ಷ ಅಧಿಕಾರಿಗೆ ಅರ್ಜಿ ಕೊಡದೆ ಮುಟ್ಟಬೇಡಿ. ಅನುಮತಿ ಸಿಕ್ಕಿದರೂ ಎಲ್ಲವನ್ನೂ ಒಟ್ಟಿಗೆ ಉರುಳಿಸಬೇಡಿ. ಒಮ್ಮೆಲೇ ಬಿಸಿಲು ಬಿದ್ದರೆ ಕಮ್ಯುನಿಸ್ಟ್ ಗಿಡಕ್ಕೆ ಹಬ್ಬ. ವರ್ಷಕ್ಕೆ ಒಂದೆರಡು, ಅದೂ ಅಡಿಯಲ್ಲಿ ನಮ್ಮ ಸಸಿ ಎದ್ದು ನಿಂತಿರುವ ಕಡೆ.

ಹಳದಿ ಹೂವಿನ ವೆಡೇಲಿಯಾ, ಲಂಟಾನ, ದೊಡ್ಡ ನಾಚಿಕೆಮುಳ್ಳು, ಇವೂ ಇರುತ್ತವೆ. ವೆಡೇಲಿಯಾವನ್ನು ನಾವೇ ಗಾರ್ಡನಿಗೆ ಚಂದ ಅಂತ ತಂದದ್ದು. ಚಾಪೆಯ ಹಾಗೆ ಸುರುಳಿ ಸುತ್ತಿ ತೆಗೆಯಬಹುದು.

ಕಳೆನಾಶಕ ಬೇಡವೇ ಬೇಡ. ಇಳಿಜಾರಿನ ಕೆಳಗೆ ಯಾರದ್ದಾದರೂ ಬಾವಿ ಇದ್ದೇ ಇರುತ್ತದೆ. ಬೆಂಕಿಯೂ ಬೇಡ.

ಒಂದೇ ಸಲ ಇಡೀ ಎಕ್ರೆ ಬೋಳಿಸಬೇಡಿ. ಒಳ್ಳೆಯ ಮರ ಇರುವ ಕಡೆಯಿಂದ, ನಮ್ಮಲ್ಲಿ ಬನದ ಅಂಚಿನಿಂದ, ಹೊರಕ್ಕೆ ಹತ್ತು ಹತ್ತು ಅಡಿ ಹೋಗಿ. ಕಿತ್ತ ಜಾಗಕ್ಕೆ ಆರು ವಾರ ಬಿಟ್ಟು ಪುನಃ ಬನ್ನಿ. ಆಗ ಬರುವ ಎರಡನೇ ಹುಟ್ಟನ್ನು ಕೀಳದಿದ್ದರೆ ಮೊದಲಿನ ಶ್ರಮ ನೀರಿಗೆ ಹಾಕಿದಂತೆ. ಪೊದೆಯ ಪಕ್ಷಿಗಳು ಗೂಡು ಕಟ್ಟಿದ್ದರೆ ಆ ಪೊದೆ ಕಳೆಯದ್ದಾದರೂ ಮರಿ ಹಾರುವವರೆಗೆ ಬಿಡಿ.

ಹೆಜ್ಜೆ 6: ಬೀಜ ಹೆಕ್ಕುವುದು

ಚೌಕದಲ್ಲಿ ಸಸಿ ಸಿಗದ ಜಾಗಕ್ಕೆ, ಎರಡನೇ ವರ್ಷ, ಗಿಡ ಬೇಕು. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲಕ್ಕೆ ಸಸಿ ಸಿಗುತ್ತದೆ. ಪಿಲಿಕುಳ ನಿಸರ್ಗಧಾಮಕ್ಕೆ ಹೋದರೆ ಪಶ್ಚಿಮ ಘಟ್ಟದ ಮರಗಳನ್ನು ಹೆಸರಿನ ಸಮೇತ ನೋಡಿ ಕಲಿಯಬಹುದು. ಆದರೆ ಹತ್ತಿರದ ಮರದ ಬೀಜವೇ ಒಳ್ಳೆಯದು. ಈ ಮಳೆಗೆ, ಈ ಉಪ್ಪು ಗಾಳಿಗೆ ಅದರ ತಾಯಿ ಬದುಕಿ ತೋರಿಸಿದೆ.

ಕರಾವಳಿಯ ಎಷ್ಟೋ ಮರಗಳ ಬೀಜ ಡಬ್ಬಿಯಲ್ಲಿ ಇಡುವಂಥದ್ದಲ್ಲ. ಹೆಬ್ಬಲಸು, ಧೂಪ, ಪುನರ್ಪುಳಿ ಒಣಗಿದರೆ ಸತ್ತುಹೋಗುತ್ತವೆ. ಹಣ್ಣು ಬಿದ್ದ ಕೆಲವೇ ದಿನದಲ್ಲಿ ತಿರುಳು ತೊಳೆದು ಮಣ್ಣಿಗೆ ಹಾಕಬೇಕು. ನಾವು ಹಾಲಿನ ತೊಟ್ಟೆಗಳನ್ನು (ಪ್ಲಾಸ್ಟಿಕ್ ಚೀಲಗಳನ್ನು) ತೊಳೆದು, ಅಡಿಗೆ ನಾಲ್ಕು ತೂತು ಮಾಡಿ ಉಪಯೋಗಿಸುತ್ತೇವೆ. ನೆಡುವಾಗ ತೊಟ್ಟೆ ಹರಿದು ವಾಪಸ್ ತರುವುದು ನೆಡುವವರ ಜವಾಬ್ದಾರಿ. ಎಷ್ಟು ತೊಟ್ಟೆ ಹೋಗಿತ್ತೋ ಅಷ್ಟು ಬರಬೇಕು.

ಏನನ್ನು ಆರಿಸುವುದು? ಎತ್ತರಕ್ಕೆ ಹೆಬ್ಬಲಸು, ಕಾಟುಮಾವು, ಪಾಲೆ. ಮಧ್ಯಕ್ಕೆ ರೆಂಜೆ, ನೇರಳೆ, ಪುನರ್ಪುಳಿ, ಸುರಹೊನ್ನೆ. ಅತ್ತಿ, ಗೋಳಿ ಒಂದೆರಡು ಸಾಕು, ಅದೂ ಗೋಡೆ, ಬಾವಿಯಿಂದ ದೂರ. ಒಂದು ಗೋಳಿ ಹಣ್ಣು ಬಿಟ್ಟರೆ ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ ಎಲ್ಲ ಬಂದು ಉಳಿದ ಬೀಜವನ್ನು ತಾವೇ ತರುತ್ತವೆ. ಮರವನ್ನೇ ಯೋಚಿಸಿ ಪೊದೆ ಮರೆಯುವವರು ಜಾಸ್ತಿ. ಕೇಪುಳ, ಕುಂಟಲ, ನೆಕ್ಕರಿಕ ಇಲ್ಲದೆ ನಗರದ ಕಾಡು ಕಂಬ ನಿಲ್ಲಿಸಿದ ಹಾಗೆ ಕಾಣುತ್ತದೆ. ಅಂಚಿನಲ್ಲಿ ಎಕ್ಕ ಇದ್ದರೆ ಕಡಿಯಬೇಡಿ, ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳಿಗೆ ಅದೇ ಊಟ.

ಪಾಲೆಯ ವಿಷಯದಲ್ಲಿ ಒಂದು ಮಾತು. ಆಟಿ (ಆಷಾಢ) ಅಮಾವಾಸ್ಯೆಗೆ ಕಷಾಯ ಮಾಡಲು ಜನ ಬೆಳಕು ಹರಿಯುವ ಮೊದಲೇ ಅದರ ಕೆತ್ತೆ (ತೊಗಟೆ) ತೆಗೆಯುತ್ತಾರೆ. ನಗರದಲ್ಲಿ ಪಾಲೆ ಕಡಿಮೆ, ಬೇಕಾದವರು ಜಾಸ್ತಿ. ಹಾಗಾಗಿ ಸಣ್ಣ ಮರಕ್ಕೆ ಆ ವಾರ ಗೋಣಿ ಸುತ್ತಿ ಇಡಿ. ಕತ್ತಲಲ್ಲಿ ಕಾಸರಕದ ಕೆತ್ತೆಯನ್ನು ಪಾಲೆ ಅಂತ ತಂದರೆ ಅದು ವಿಷ. ಎರಡೂ ಇರುವ ಜಾಗವಾದರೆ ಸುತ್ತಲಿನ ಮನೆಯವರಿಗೆ ತೋರಿಸಿ ಹೇಳಿ.

ಮಿಯಾವಾಕಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಒಂದು ಚದರ ಮೀಟರಿಗೆ ಮೂರು ನಾಲ್ಕು ಸಸಿ ಒತ್ತೊತ್ತಾಗಿ ನೆಡುವ ಜಪಾನಿನ ಕ್ರಮ. ಕಟ್ಟಡದ ಮಣ್ಣು, ಕಲ್ಲು ತುಂಬಿ ಏನೂ ಹುಟ್ಟದ ಜಾಗಕ್ಕೆ ಅದು ಸರಿ, ಖರ್ಚಿಗೆ ದುಡ್ಡಿದ್ದರೆ. ಹಕ್ಕಿಯೇ ಬೀಜ ತರುವ ಬನದ ಪಕ್ಕಕ್ಕೆ ಅದು ಬೇಡ ಎಂದು ನನ್ನ ಅಭಿಪ್ರಾಯ. ಪದವಿನ ಮೇಲಂತೂ ಬೇಡ.

ಹೆಜ್ಜೆ 7: ನೆಡುವುದು

ಪತ್ತನಾಜೆ (ಮೇ 24ರ ಹೊತ್ತು) ಕಳೆದು, ಎರಡು ಮೂರು ದೊಡ್ಡ ಮಳೆ ಬಿದ್ದು, ಮಣ್ಣು ಒಂದು ಅಡಿ ಆಳಕ್ಕೆ ಒದ್ದೆಯಾದ ಮೇಲೆ ನೆಡಿ. ಸಾಮಾನ್ಯವಾಗಿ ಜೂನ್ ಎರಡನೇ ವಾರ. ಆಟಿ ತಿಂಗಳ (ಜುಲೈ ಆಗಸ್ಟ್) ಸುರಿಮಳೆಗೆ ಮೊದಲು ಬೇರು ಹಿಡಿಯಬೇಕು.

ಗುಂಡಿ ಒಂದೂವರೆ ಅಡಿ. ಪಿಕ್ಕಾಸಿಗೆ ಮುರಕಲ್ಲು ಠಣ್ ಎಂದರೆ ಆ ಜಾಗ ಬಿಟ್ಟು ಎರಡಡಿ ಆಚೆ ನೋಡಿ. ಘಟ್ಟದ ಮೇಲಿನ ಪುಸ್ತಕಗಳಲ್ಲಿ ಗಿಡದ ಸುತ್ತ ನೀರು ನಿಲ್ಲಲು ಪಾತಿ ಮಾಡಿ ಅಂತ ಇರುತ್ತದೆ. ನಮ್ಮ ಮಳೆಗೆ ಪಾತಿ ಮಾಡಿದರೆ ಗಿಡ ಕೊಳೆಯುತ್ತದೆ. ಮಣ್ಣನ್ನು ಸ್ವಲ್ಪ ದಿಬ್ಬ ಮಾಡಿ, ನೀರು ಹರಿದುಹೋಗಲಿ. ಪಾತಿ ಮಾಡುವುದು ದೀಪಾವಳಿ ಕಳೆದ ಮೇಲೆ. ಗಿಡಗಳ ನಡುವೆ ಎಂಟು ಹತ್ತು ಅಡಿ ಇರಲಿ. ತೊಟ್ಟೆಯಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ನೆಲದಲ್ಲೂ ಅಲ್ಲೇ, ಕಾಂಡ ಹೂತುಹೋಗಬಾರದು.

ಪ್ರತಿ ಗಿಡಕ್ಕೆ ಗುರುತಿನ ಕೋಲು ಹಾಕಿ, ತುದಿಗೆ ಕೆಂಪು ಬಟ್ಟೆ. ಇದನ್ನು ನಾವು ಕಲಿತದ್ದು ಪೆಟ್ಟು ತಿಂದು. ಒಂದು ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನಕ್ಕೆ ರಸ್ತೆ ಬದಿ ಚಂದ ಮಾಡುವ ಅಂತ ಹುಲ್ಲು ಕತ್ತರಿಸುವ ಮೆಷಿನ್ ಹಿಡಿದು ಯಾರೋ ಬಂದರು. ಅರ್ಧ ಗಂಟೆಯಲ್ಲಿ 40 ಗಿಡ ಹುಲ್ಲಿನ ಜೊತೆ ಹೋಯಿತು. ಮೆಷಿನ್ ಹಿಡಿದವನನ್ನು ಬೈದು ಪ್ರಯೋಜನ ಇಲ್ಲ, ಅವನ ಕಣ್ಣಿಗೆ ಎಲ್ಲವೂ ಹಸುರೇ. ಈಗ ಜುಲೈ ಕೊನೆಗೇ ಹೋಗಿ ಹುಲ್ಲು ತೆಗೆಯುವ ಮೇಸ್ತ್ರಿಯನ್ನು ಕಂಡು, ಒಂದು ಚಾ ಕುಡಿಸಿ, ಜಾಗ ತೋರಿಸಿ ಬರುತ್ತೇವೆ.

ನಾಗರ ಪಂಚಮಿಯ ಮರುದಿನ ಬನಕ್ಕೆ ಹೋಗಿ. ಹಾಲಿನ ತೊಟ್ಟೆ, ಊದುಬತ್ತಿ ಕವರು, ಸೀಯಾಳದ ಚಿಪ್ಪು ಬಿದ್ದಿರುತ್ತದೆ. ಚಿಪ್ಪಿನಲ್ಲಿ ನೀರು ನಿಂತರೆ ಸೊಳ್ಳೆ. ಮಂಗಳೂರಿಗೆ ಡೆಂಗಿ, ಮಲೇರಿಯಾ ಹೊಸತಲ್ಲ.

ಹೆಜ್ಜೆ 8: ಎರಡು ಬೇಸಿಗೆ ದಾಟಿಸುವುದು

ಇಷ್ಟು ಮಳೆ ಬರುವ ಊರಿನಲ್ಲಿ ಗಿಡ ಸಾಯುವುದು ನೀರಿಲ್ಲದೆ. ಮಳೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಜೂನಿನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ, ಮುರಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ಜನವರಿಯಿಂದ ಮೇ ತನಕ ವಾರಕ್ಕೊಮ್ಮೆ ಗಿಡಕ್ಕೆ ಒಂದು ಕೊಡಪಾನ ನೀರು, ಅರ್ಧ ಅಡಿ ದಪ್ಪ ತರಗೆಲೆ ಹೊದಿಕೆ. ಹೊದಿಕೆ ಕಾಂಡಕ್ಕೆ ತಾಗದಿರಲಿ, ಗೆದ್ದಲು ಹತ್ತುತ್ತದೆ. ಎರಡು ಬೇಸಿಗೆ ಕಳೆದರೆ ಹೆಚ್ಚಿನವು ತಾವೇ ನೋಡಿಕೊಳ್ಳುತ್ತವೆ.

ಫೆಬ್ರವರಿ ಮಾರ್ಚಿನಲ್ಲಿ ಬೆಂಕಿಯ ಹೆದರಿಕೆ. ರಸ್ತೆ ಬದಿಯಲ್ಲಿ ಆರಡಿ ಅಗಲಕ್ಕೆ ಒಣಹುಲ್ಲು ಕೆರೆದು ತೆಗೆಯಿರಿ. ಕಸ ಸುಡುವ ಮನೆಯವರ ಹತ್ತಿರ ಜಗಳ ಬೇಡ, ಅವರ ತರಗೆಲೆಯನ್ನು ನಮಗೆ ಕೊಡಿ ಅಂತ ಕೇಳಿ. ನಮಗೆ ಹೊದಿಕೆ ಆಯಿತು, ಅವರಿಗೆ ಕಸ ಹೋಯಿತು.

ಮೈ ಮೇಲೆ ಎಚ್ಚರ

ಪೊದೆಗೆ ಕೈ ಹಾಕುವ ಮೊದಲು ಕೋಲು ಹಾಕಿ ಅಲ್ಲಾಡಿಸಿ. ನಾಗರ, ಕೊಳಕುಮಂಡಲ ಎರಡೂ ನಗರದಲ್ಲಿ ಇವೆ. ಕಂಡರೆ ಹಿಂದೆ ಸರಿಯಿರಿ, ಹಿಡಿಯುವ ಸಾಹಸ ಬೇಡ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕಚ್ಚಿದ ಕೈ ಕಾಲು ಅಲ್ಲಾಡಿಸದೆ, 108ಕ್ಕೆ ಫೋನ್ ಮಾಡಿ, ನೇರ ವೆನ್‌ಲಾಕ್‌ನಂಥ ದೊಡ್ಡ ಆಸ್ಪತ್ರೆಗೆ.

ಕಾಂಡದ ಮೇಲೆ ಡಾಮರಿನ ಹಾಗೆ ಕಪ್ಪು ಸೊನೆ ಒಸರಿದ ಮರ ಕಂಡರೆ ಅದು ಚೇರೆ ಇರಬಹುದು. ಮುಟ್ಟಬೇಡಿ, ಅಡಿಯಲ್ಲಿ ಕೂತು ಚಾ ಕುಡಿಯಬೇಡಿ. ಸೊನೆ ತಾಗಿದರೆ ಕೆಲವರಿಗೆ ಮೈಯೆಲ್ಲ ಬೊಬ್ಬೆ ಏಳುತ್ತದೆ. ಹಾಗಂತ ಮರ ಕಡಿಯಬೇಡಿ, ಅದು ಇಲ್ಲಿನದ್ದೇ.

ಮಳೆಗಾಲದಲ್ಲಿ ಕೈಕಾಲಿನ ಗಾಯ ಮುಚ್ಚಿಕೊಂಡೇ ಕೆಸರಿಗೆ ಇಳಿಯಿರಿ. ಇಲಿ ಜ್ವರ ಬರುವುದು ಅಲ್ಲಿಂದ. ಕೆಲಸ ಮಾಡಿದ ಎರಡು ಮೂರು ವಾರದೊಳಗೆ ಜ್ವರ ಬಂದರೆ "ಕೆಸರಿನಲ್ಲಿ ಕೆಲಸ ಮಾಡಿದ್ದೆ" ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಪ್ರಾಣಿಗಳು ಬಂದಾಗ

ಮೂರನೇ ವರ್ಷದ ಹೊತ್ತಿಗೆ ನವಿಲು, ಮುಂಗುಸಿ, ಕಬ್ಬೆಕ್ಕು ಕಾಣಿಸಲು ಶುರುವಾಗಬಹುದು. ಅಕ್ಕಿ, ಬಿಸ್ಕೆಟ್ ಹಾಕಬೇಡಿ. ಒಂಟಿ ಮರಿ ಸಿಕ್ಕಿತೆಂದು ಮನೆಗೆ ತರಬೇಡಿ. ತಾಯಿ ಹತ್ತಿರವೇ ಇರುತ್ತದೆ, ಅಲ್ಲದೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವುದು ಅಪರಾಧ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಗೂಡಿನ ಫೋಟೋವನ್ನು ಜಾಗದ ಹೆಸರು ಸಮೇತ ಎಲ್ಲ ಗ್ರೂಪಿಗೂ ಹಾಕುವ ಚಟವನ್ನೂ ಬಿಡಿ.

ಸತ್ತು ನಿಂತ ಮರವನ್ನು ಯಾರ ತಲೆ ಮೇಲೂ ಬೀಳುವ ಹಾಗಿಲ್ಲದಿದ್ದರೆ ನಿಲ್ಲಲು ಬಿಡಿ. ನಮ್ಮಲ್ಲಿ ಒಂದು ಒಣ ಕಾಟುಮಾವು ಉಂಟು. ಮೊದಲು ಮರಕುಟಿಗ ತೂತು ಕೊರೆಯಿತು. ಮರುವರ್ಷ ಅದೇ ತೂತಿನಲ್ಲಿ ಮೈನಾ. ಈಗ ಸಂಜೆ ಹೋದರೆ ಅಲ್ಲಿಂದ ಒಂದು ಗೂಬೆ ನಮ್ಮನ್ನು ದಿಟ್ಟಿಸುತ್ತದೆ.

ಪುಸ್ತಕ ಇಡಿ

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಭಾನುವಾರ ಯಾರು ಬಂದರು, ಎಷ್ಟು ಗೋಣಿ ಕಳೆ, ಯಾವ ಪಟ್ಟಿಯಲ್ಲಿ, ಏನು ಕಂಡಿತು. ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಅದೇ ಹತ್ತು ಚೌಕ ಎಣಿಸಿ ಪಕ್ಕದಲ್ಲಿ ಬರೆಯಿರಿ. ಗಿಡ ಸತ್ತ ಲೆಕ್ಕವನ್ನೂ ಬರೆಯಿರಿ, ಮುಚ್ಚಿಡಬೇಡಿ. ನಮ್ಮ ಆ 9ರ ಲೆಕ್ಕ ಇಲ್ಲದಿದ್ದರೆ ನಾವು ಇನ್ನೂ ಪ್ರತಿ ಜೂನಿಗೆ 120 ಗಿಡ ನೆಡುತ್ತಲೇ ಇರುತ್ತಿದ್ದೆವು.

ಸ್ವಯಂಸೇವಕರು ಬದಲಾಗುತ್ತಾರೆ. ಕೆಲಸ ಸಿಕ್ಕಿ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ, ಮಂಗಳೂರಿನಲ್ಲಿ ಇದು ಇದ್ದದ್ದೇ. ಹಾಗಾಗಿ ಪುಸ್ತಕದ ಕೊನೇ ಪುಟದಲ್ಲಿ ಅನುಮತಿ ಪತ್ರ ಎಲ್ಲಿದೆ, ಕತ್ತಿ ಹಾರೆ ಯಾರ ಮನೆಯಲ್ಲಿವೆ, ಯಾವ ಬಳ್ಳಿ ಕೀಳಬಾರದು ಎಂಬುದನ್ನು ಬರೆದಿಡಿ. ನೀರಿನ ನಳ್ಳಿಯ ಕೀಲಿ ಯಾರ ಹತ್ತಿರ ಉಂಟು ಎಂಬುದನ್ನೂ.